ಜಾತ್ರೆಯ ಆಟಿಕೆ ಮುರಿದ ದಿನ ಸುದ್ದಿಮನೆ ಕೇಳಬೇಕಾದ ಪ್ರಶ್ನೆ

ಸಾಗರ, ಶಿವಮೊಗ್ಗ, ಶಿರಸಿಯ ಮಾರಿಕಾಂಬೆ ಜಾತ್ರೆ ಹತ್ತಿರ ಬಂತೆಂದರೆ ಜಿಲ್ಲಾ ಸುದ್ದಿಮನೆಗಳಲ್ಲಿ ಪುರವಣಿಯ ಜತೆಗೇ ಇನ್ನೊಂದು ತಯಾರಿಯೂ ಆಗಬೇಕು. ಜೈಂಟ್ ವೀಲ್, ಕೊಲಂಬಸ್, ಡ್ರ್ಯಾಗನ್ ಟ್ರೇನ್‌ನಂಥ ಜನ ಕೂರುವ ದೊಡ್ಡ ಆಟಿಕೆಗಳಲ್ಲಿ ಒಂದು ಕೈಕೊಟ್ಟರೆ ಸಾಕು, ವಾಟ್ಸಾಪ್‌ನಲ್ಲಿ ವಿಡಿಯೋ ಹರಿದಾಡುತ್ತದೆ, ಅದರ ಬೆನ್ನಿಗೇ ‘ಆಪರೇಟರ್ ಕುಡಿದಿದ್ದನಂತೆ’ ಎಂಬ ತೀರ್ಪೂ ಬರುತ್ತದೆ. ಆ ಹೊತ್ತಿನಲ್ಲಿ ಡೆಸ್ಕ್ (ಸುದ್ದಿ ತಿದ್ದುವ ವಿಭಾಗ) ‘ಯಾರ ತಪ್ಪು?’ ಎಂದು ಕೇಳಿದರೆ ಒಬ್ಬ ಹುಡುಗನ ಹೆಸರು ಸಿಗುತ್ತದೆ, ಅಷ್ಟೇ. ಕೇಳಬೇಕಾದದ್ದು ‘ಯಾವ ವ್ಯವಸ್ಥೆ ಕೆಲಸ ಮಾಡಲಿಲ್ಲ?’ ಎಂದು.

ಹೊಸ ವರದಿಗಾರರಿಗೆ ಇದನ್ನು ತಿಳಿಸಲು ಇಂಗ್ಲೆಂಡಿನ ಮನರಂಜನಾ ಪಾರ್ಕ್ ಆಲ್ಟನ್ ಟವರ್ಸ್‌ಗಿಂತ ಒಳ್ಳೆಯ ಪಾಠವಿಲ್ಲ. 2015ರ ಜೂನ್ 2ರಂದು ಅಲ್ಲಿನ ‘ಸ್ಮೈಲರ್’ ರೋಲರ್ ಕೋಸ್ಟರ್‌ನಲ್ಲಿ 16 ಜನರಿದ್ದ ಟ್ರೇನು ಹಳಿಯ ಮೇಲೆ ನಿಂತುಹೋಗಿದ್ದ ಖಾಲಿ ಟ್ರೇನಿಗೆ ಗುದ್ದಿತು. ಐವರಿಗೆ ಗಂಭೀರ ಗಾಯ, ಇಬ್ಬರು ಯುವತಿಯರು ಒಂದೊಂದು ಕಾಲು ಕಳೆದುಕೊಂಡರು. ನೆಲದಿಂದ ಸುಮಾರು 6 ಮೀಟರ್ ಎತ್ತರದಲ್ಲಿ, ಓರೆಯಾಗಿ ನಿಂತ ಟ್ರೇನಿನಿಂದ ಎಲ್ಲರನ್ನೂ ಬಿಡಿಸಲು ನಾಲ್ಕು ಗಂಟೆಗೂ ಹೆಚ್ಚು ಹಿಡಿಯಿತು.

ಮರುದಿನ ಬ್ರಿಟನ್ನಿನ ಸ್ಕೈ ನ್ಯೂಸ್ ವಾಹಿನಿಯಲ್ಲಿ ನಿರೂಪಕಿ ಕೇ ಬರ್ಲಿ, ಪಾರ್ಕಿನ ಮಾಲೀಕ ಕಂಪನಿ ಮರ್ಲಿನ್‌ನ ಮುಖ್ಯಸ್ಥ ನಿಕ್ ವಾರ್ನಿ ಅವರನ್ನು ಸಂದರ್ಶಿಸಿದರು. ಪ್ರಶ್ನೆಗಳ ಧಾಟಿಗೆ ಜನ ಎಷ್ಟು ಸಿಟ್ಟಾದರೆಂದರೆ ಆಕೆಯನ್ನು ಕೆಲಸದಿಂದ ತೆಗೆಯಿರಿ ಎಂಬ ಅರ್ಜಿಗೆ 50 ಸಾವಿರಕ್ಕೂ ಹೆಚ್ಚು ಸಹಿ ಬಿತ್ತು. ಗಾಯಾಳುಗಳ ಬದಲು ನಿರೂಪಕಿಯೇ ಸುದ್ದಿಯಾದರು. ನವೆಂಬರ್‌ನಲ್ಲಿ ಕಂಪನಿ ‘ಮಾನವ ದೋಷ’ ಎಂದಿತು, ತಲೆಬರಹಗಳೂ ಅದನ್ನೇ ಎತ್ತಿಕೊಂಡವು.

ನಿಜ ಸಂಗತಿ ಬೇರೆಯೇ ಇತ್ತು. ರೋಲರ್ ಕೋಸ್ಟರ್ ಹಳಿಯನ್ನು ಬ್ಲಾಕ್‌ಗಳಾಗಿ ವಿಂಗಡಿಸಿರುತ್ತಾರೆ. ಶಿವಮೊಗ್ಗ–ತಾಳಗುಪ್ಪದ ಒಂಟಿ ಹಳಿಯಂತೆ, ಒಂದು ಬ್ಲಾಕಿನಲ್ಲಿ ಒಂದೇ ಟ್ರೇನು. ಮುಂದಿನ ಬ್ಲಾಕ್ ತೆರವಾಗದಿದ್ದರೆ ಹಿಂದಿನ ಟ್ರೇನನ್ನು ಕಂಪ್ಯೂಟರ್ ತಾನಾಗಿಯೇ ತಡೆಯುತ್ತದೆ. ಅಂದೂ ತಡೆದಿತ್ತು. ಆದರೆ ಆ ದಿನ ಐದನೇ ಟ್ರೇನು ಸೇರಿಸಿದ್ದು ಎಂಜಿನಿಯರ್‌ಗಳಿಗೆ ಗೊತ್ತಿರಲಿಲ್ಲ. ಗಾಳಿ ಜೋರಿತ್ತು, ಪರೀಕ್ಷೆಗೆ ಬಿಟ್ಟ ಖಾಲಿ ಟ್ರೇನು ಸುತ್ತು ಮುಗಿಸದೆ ತಗ್ಗಿನಲ್ಲಿ ನಿಂತಿತ್ತು. ಹಳಿ ಖಾಲಿಯಿದೆ, ಕಂಪ್ಯೂಟರೇ ತಪ್ಪು ಹೇಳುತ್ತಿದೆ ಎಂದುಕೊಂಡು ಅವರು ತಡೆಯನ್ನು ಕೈಯಾರೆ ಮೀರಿದರು. ಹಳಿಯನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳುವ ಸರಿಯಾದ ಪದ್ಧತಿಯೇ ಅಲ್ಲಿರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಕೋರ್ಟು ಕಂಪನಿಗೇ 50 ಲಕ್ಷ ಪೌಂಡ್ ದಂಡ ಹಾಕಿತು. ತಪ್ಪು ನೌಕರರದ್ದಲ್ಲ, ಅವರಿಗೆ ದಾರಿ ಹಾಕಿಕೊಡದ ಆಡಳಿತದ್ದು ಎಂಬುದು ತೀರ್ಪಿನ ತಿರುಳು. ‘ಮಾನವ ದೋಷ’ ಎಂದು ಹತ್ತು ತಿಂಗಳ ಹಿಂದೆ ಓದಿದವರಲ್ಲಿ ಎಷ್ಟು ಜನ ಇದನ್ನು ಓದಿರಬಹುದು?

ಅಂಕಿಯ ಎಡವಟ್ಟನ್ನೂ ನೋಡಿ. ಗುದ್ದಿದ ರಭಸ ಒಂದೂವರೆ ಟನ್ನಿನ ಕಾರು ಗಂಟೆಗೆ 145 ಕಿ.ಮೀ. ವೇಗದಲ್ಲಿ ಅಪ್ಪಳಿಸಿದ್ದಕ್ಕೆ ಸಮ ಎಂದು ಕೋರ್ಟಿನಲ್ಲಿ ಹೇಳಲಾಯಿತು. ಅದು ಶಕ್ತಿಯ ಲೆಕ್ಕ. ಸ್ಮೈಲರ್‌ನ ಗರಿಷ್ಠ ವೇಗವೇ ಸುಮಾರು 85 ಕಿ.ಮೀ. ‘145 ಕಿ.ಮೀ. ವೇಗದಲ್ಲಿ ಡಿಕ್ಕಿ’ ಎಂದು ಬರೆದರೆ ಅದು ಸುಳ್ಳಾಗುತ್ತದೆ.

ನಮ್ಮ ಜಾತ್ರೆಗೆ ಬಂದರೆ, ಸ್ಥಳಕ್ಕೆ ಹೋದವರು ಮೊದಲು ಆಟಿಕೆಯ ಕಾಲಬುಡ ನೋಡಬೇಕು. ಜ್ಯಾಕ್‌ಗಳ ಕೆಳಗಿನ ಮರದ ಹಲಗೆ ಮೆತ್ತಗಾದ ಮಣ್ಣಿನಲ್ಲಿ ಕುಸಿದಿದೆಯೇ? ಯುಗಾದಿ ಆಸುಪಾಸಿನ ಅಡ್ಡಮಳೆ ಬಿದ್ದ ಸಂಜೆ ಇದನ್ನು ಕೇಳಲೇಬೇಕು. ಸೀಟಿನ ಅಡ್ಡಸಲಾಕೆಗೆ ಅದು ಕಳಚದಂತೆ ಹಿಡಿಯುವ ಸ್ಪ್ಲಿಟ್ ಪಿನ್ ಇತ್ತೇ, ತಂತಿ ಸುತ್ತಿದ್ದರೇ? ಅನುಮತಿ ಪತ್ರದ ತಾರೀಖು ಆಟಿಕೆ ಜೋಡಿಸುವ ಮೊದಲಿನದೋ, ಆಮೇಲಿನದೋ? ಜೋಡಿಸುವ ಮೊದಲಿನದಾದರೆ ಜೋಡಿಸಿ ನಿಲ್ಲಿಸಿದ ಯಂತ್ರವನ್ನು ನೋಡದೆಯೇ ಅನುಮತಿ ಕೊಟ್ಟಿದ್ದಾರೆ ಎಂದೇ ಅರ್ಥ. ಮೊದಲ 108 ಕರೆ ಎಷ್ಟು ಹೊತ್ತಿಗೆ ಹೋಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ, ಆಲ್ಟನ್ ಟವರ್ಸ್‌ನಲ್ಲಿ ತುರ್ತು ಕರೆ ತಡವಾಗಿದ್ದೂ ಕೋರ್ಟಿನ ಮುಂದೆ ಬಂತು.

ವಿಡಿಯೋ ಬಂದರೆ ಬ್ಯಾನರಿನ ಭಾಷೆ ಓದಿ, ಮೈಕಿನ ಕೂಗು ಕೇಳಿ, ಒಂದೆರಡು ಫ್ರೇಮ್ ತೆಗೆದು ಚಿತ್ರಹುಡುಕಾಟಕ್ಕೆ ಹಾಕಿ. ಬೇರೆ ರಾಜ್ಯದ ಹಳೆಯ ಅವಘಡಗಳು ‘ಈಗಷ್ಟೇ ಸಾಗರದಲ್ಲಿ’ ಎಂಬ ಒಕ್ಕಣೆಯೊಂದಿಗೆ ಬಂದುಬಿಡುತ್ತವೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್‌ಗೆ ಕ್ಯಾಮೆರಾ ಹಿಡಿಯುವುದು ಬೇಡವೇ ಬೇಡ. ಮನೆಯವರಿಗೆ ಸುದ್ದಿ ಮುಟ್ಟುವ ಮೊದಲು ಹೆಸರೂ ಬೇಡ.

ಇನ್ನು ಆ ಯಂತ್ರ ಜಾತ್ರೆ ಮುಗಿದ ಮೇಲೆ ಲಾರಿ ಹತ್ತಿ ಮುಂದಿನ ಊರಿಗೆ ಹೋಗುತ್ತದೆ. ಅದರ ತಯಾರಿಕಾ ಫಲಕದ ಫೋಟೋ, ಎಫ್‌ಐಆರ್ ಸಂಖ್ಯೆ, ತನಿಖಾ ವರದಿ ಬರಬೇಕಾದ ಇಲಾಖೆಯ ಹೆಸರು ಮೂರನ್ನೂ ಡೆಸ್ಕ್ ಡೈರಿಯಲ್ಲಿ ಬರೆದು, ಆ ಊರಿನ ವರದಿಗಾರರಿಗೆ ಅಂದೇ ಕಳಿಸಿ.