ಚಂದ್ರದ್ರೋಣದ ದಾರಿಯಲ್ಲಿ ಜೇನು, ಹಕ್ಕಿ: ಕ್ಯಾಮೆರಾ ಹಿಡಿದು ಹೊರಡುವವರಿಗೆ

ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿನ ಮುಳ್ಳಯ್ಯನಗಿರಿಗೆ ಹೊರಟವರಲ್ಲಿ ಹೆಚ್ಚಿನವರು ಸೂರ್ಯೋದಯಕ್ಕೆ ಮೊದಲೇ 1,930 ಮೀಟರ್ ಎತ್ತರದ ತುದಿ ಮುಟ್ಟುವ ಅವಸರದಲ್ಲಿರುತ್ತಾರೆ. ಜೇನು, ಹಕ್ಕಿ ಬೇಕಿದ್ದರೆ ಆ ಹೊತ್ತಿಗೆ ಕೆಳಗೇ ಇರಿ. ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ವಾಹನ ಪ್ರವೇಶದ ನಿಯಮ ಆಗಾಗ ಬದಲಾಗುತ್ತದೆ, ಮೊದಲೇ ವಿಚಾರಿಸಿಕೊಳ್ಳಿ. ಕಾಫಿ ತೋಟದೊಳಗೆ ಕಾಲಿಡುವ ಮುನ್ನ ಮಾಲೀಕರನ್ನು ಕೇಳಿ.

ಬೆಳಕು ಹರಿಯುವಾಗ ಬೇಲಿಯಂಚಿನ ಒಣಕಡ್ಡಿಗಳನ್ನು ಒಂದೊಂದಾಗಿ ನೋಡುತ್ತ ನಡೆಯಿರಿ. ನೀಲಿಪಟ್ಟೆ ಜೇನಿನ ಗಂಡುಗಳು ದವಡೆಯಿಂದ ಕಡ್ಡಿ ಕಚ್ಚಿಕೊಂಡು, ಕಾಲು ಮಡಚಿ, ಸಾಲಾಗಿ ಮಲಗಿರುತ್ತವೆ. ರೋಮದ ತುದಿಯಲ್ಲಿ ಇಬ್ಬನಿ ಕೂತಿರುತ್ತದೆ. ಇಷ್ಟು ಚೆಂದದ ದೃಶ್ಯವನ್ನು ದಾಟಿ ಹೋಗುವವರೇ ಹೆಚ್ಚು. 100 ಮಿ.ಮೀ. ಮ್ಯಾಕ್ರೋ ಲೆನ್ಸ್, ಎಫ್ 8, ಟ್ರೈಪಾಡ್ ಇದ್ದರೆ 1/60 ಸೆಕೆಂಡ್ ಸಾಕು. ಫೋಕಸ್ ಕಣ್ಣಿನ ಮೇಲಿರಲಿ. ಕಡ್ಡಿ ಅಲುಗಾಡುತ್ತದೆಂದು ಕೈಯಲ್ಲಿ ಹಿಡಿಯಬೇಡಿ. ಮೈ ಬೆಚ್ಚಗಾಗದ ಜೇನು ಹಾರಲಾರದು, ನೆಲಕ್ಕೆ ಬಿದ್ದರೆ ಇರುವೆ ಪಾಲು.

ಹೋಟೆಲಿನ ಎ.ಸಿ. ಕೋಣೆಯಿಂದ ತಂದ ಲೆನ್ಸ್ ಹೊರಗಿನ ತೇವಕ್ಕೆ ಮಂಜಾಗುತ್ತದೆ. ಒರೆಸಿದರೆ ಮತ್ತೆ ಮಂಜಾಗುತ್ತದೆ. ಬ್ಯಾಗ್ ಮುಚ್ಚಿಟ್ಟು ಅರ್ಧ ಗಂಟೆ ಬಿಡಿ.

ಬೆಟ್ಟದ ಕಣಿವೆಗಳ ದಟ್ಟ ಶೋಲಾ ಕಾಡಿನ ತೊರೆಗಳ ಹತ್ತಿರ ಸರಳೆ ಸಿಳ್ಳಾರ ಎಂಬ ಹಕ್ಕಿ ಇರುತ್ತದೆ. ಅದರ ಸಿಳ್ಳೆ ಮಳೆಗಾಲದ್ದು. ಚಳಿಯಲ್ಲಿ ಕಿವಿ ನಂಬದೆ ಒದ್ದೆ ಬಂಡೆಗಳ ಮೇಲೆ ಕಣ್ಣಿಡಿ. ನೆರಳಲ್ಲಿ ಬರೀ ಕಪ್ಪಾಗಿ ಕಾಣುತ್ತದೆ, ಬೆಳಕಿಗೆ ಬಂದಾಗಲೇ ಹಣೆಯ ನೀಲಿ ಹೊಳೆಯುವುದು. ಐಎಸ್ಒ 3200ಕ್ಕೆ ಏರಿಸಿ, ಫ್ಲ್ಯಾಷ್ ಬೇಡ.

ಬಿಸಿಲು ಏರಿ ಗಾಳಿ ಎದ್ದ ಮೇಲೆ ಹುಲ್ಲುಗಾವಲಿನ ಗುಡ್ಡದ ಬೆನ್ನಿಗೆ ಹತ್ತಿ. ಚಾಣ ಎಂಬ ಪುಟ್ಟ ಬೇಟೆಹಕ್ಕಿ ಗಾಳಿಗೆದುರಾಗಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುತ್ತದೆ. 1/2000 ಸೆಕೆಂಡ್ ಇಡಿ; ಎಕ್ಸ್‌ಪೋಶರ್ ಒಂದು ಸ್ಟಾಪ್ ಹೆಚ್ಚಿಸದಿದ್ದರೆ ಆಕಾಶದ ಬೆಳಕಿಗೆ ಹಕ್ಕಿ ಕರೀ ನೆರಳಾಗುತ್ತದೆ. ಕೆಳಗೆ ಬಯಲಂಚಿನಲ್ಲಿ ಜೇನು ತಿನ್ನುವ ಹಕ್ಕಿ ಕಳ್ಳಿಪೀರ ಸಿಕ್ಕರೆ ಅಟ್ಟಿಸಿಕೊಂಡು ಹೋಗಬೇಡಿ. ಜೇನು ಹಿಡಿದು ಬಹುಮಟ್ಟಿಗೆ ಅದೇ ಕೊಂಬೆಗೆ ಮರಳಿ, ಕೊಂಬೆಗೆ ಬಡಿದು ಉಜ್ಜಿ ಮುಳ್ಳು ಕಳೆದು ತಿನ್ನುತ್ತದೆ. ಖಾಲಿ ಕೊಂಬೆಗೇ ಫೋಕಸ್ ಮಾಡಿ ಕಾಯಿರಿ.

ಹೆಜ್ಜೇನು ಮಾತ್ರ ಬೇರೆ ವಿಷಯ. ಬಂಡೆಗೋ ದೊಡ್ಡ ಮರಕ್ಕೋ ಕಟ್ಟಿದ ತೆರೆದ ಹುಟ್ಟಿನ ಮೇಲೆ ಅಲೆ ಹಾಯ್ದಂತೆ ಹುಳುಗಳು ಮತ್ತೆ ಮತ್ತೆ ಮಿನುಗುತ್ತಿದ್ದರೆ ಎಚ್ಚರಿಕೆ ಎಂದೇ ತಿಳಿದು ಹಿಂದೆ ಸರಿಯಿರಿ. ಜೇನುಗಿಡುಗ ಹುಟ್ಟಿಗೆ ಎರಗುವ ಚಿತ್ರದ ಆಸೆಗಂತೂ ಹತ್ತಿರ ಹೋಗಲೇಬೇಡಿ. ಕೆರಳಿದ ಹುಳುಗಳು ಕೆಳಗಿದ್ದವರ ಮೇಲೆ ಬೀಳುತ್ತವೆ. ಸೆಂಟು, ಹೊಗೆ, ಡ್ರೋನ್ ಬೇಡ. ಎದ್ದೇಬಿಟ್ಟರೆ ಕೈ ಬೀಸದೆ ಮುಖ ಮುಚ್ಚಿಕೊಂಡು ವಾಹನಕ್ಕೋ ಕಟ್ಟಡಕ್ಕೋ ಓಡಿ. ಚುಚ್ಚಿದ ಮುಳ್ಳು ಚರ್ಮದಲ್ಲೇ ಉಳಿದು ವಿಷ ಇಳಿಸುತ್ತಿರುತ್ತದೆ, ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ತುಟಿ ಊದಿದರೆ ನೇರ ಚಿಕ್ಕಮಗಳೂರಿನ ಆಸ್ಪತ್ರೆಗೆ.