ಬೇಸಿಗೆಯಲ್ಲಿ ಚಿಂಚೋಳಿ ಕಾಡಿಗೆ ಹೊರಟವರಿಗೆ

ಮಾರ್ಚ್, ಏಪ್ರಿಲ್‌ನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆ ಹೊರಡುವವರು ಕೋಣೆ ಹಿಡಿಯುವಾಗಲೇ ಒಂದು ಮಾತು ಕೇಳಿಕೊಳ್ಳಿ. ದರದಲ್ಲಿ ‘ಕ್ಯಾಂಪ್‌ಫೈರ್’ ಸೇರಿದ್ದರೆ ಬೇಡವೇ ಬೇಡ ಎನ್ನಿ. ಅಭಯಾರಣ್ಯದ ಅಂಚಿನ ಖಾಸಗಿ ಕೋಣೆಯೊಂದಕ್ಕೆ ನಾವು ಕೊಟ್ಟಿದ್ದು 2,800 ರೂಪಾಯಿ. ನಲ್ಲಿಯಲ್ಲಿ ಸಂಜೆಯವರೆಗೂ ಕೈ ಸುಡುವ ನೀರು, ರಾತ್ರಿಯಿಡೀ ಕರೆಂಟ್ ಇಲ್ಲ. ಅದರ ಮೇಲೆ ಕೇಳದೆಯೇ ಕ್ಯಾಂಪ್‌ಫೈರ್‌ಗೆಂದು 600 ರೂಪಾಯಿ ಸೇರಿಸಿದ್ದರು. ಬೆಂಕಿ ಹಾಕಲು ನಾವು ಬಿಡಲಿಲ್ಲ, ಹಣ ಮಾತ್ರ ವಾಪಸ್ ಬರಲಿಲ್ಲ. ಹಣ ಹೋಗಲಿ, ಕಟ್ಟಿಗೆ ಒಟ್ಟಿದ್ದ ಜಾಗ ನೋಡಿ ಮೈಯೆಲ್ಲ ಉರಿಯಿತು. ನಾಲ್ಕು ಹೆಜ್ಜೆ ಆಚೆ ಬೇಲಿ, ಬೇಲಿಗೆ ಅಂಟಿಕೊಂಡೇ ಮೊಣಕಾಲೆತ್ತರದ ಒಣಹುಲ್ಲು, ಅಲ್ಲಿಂದ ಮುಂದೆ ಕಾಡು.

2011ರಲ್ಲಿ ಅಭಯಾರಣ್ಯವಾದ ಈ ಕಾಡು ಎಲೆ ಉದುರಿಸುವ ಜಾತಿಯದು. ಬೇಸಿಗೆಯಲ್ಲಿ ತೇಗದ ಎಲೆಗಳು ಊಟದ ತಟ್ಟೆಯಷ್ಟಗಲ ಒಣಗಿ ಬಿದ್ದಿರುತ್ತವೆ, ಕಾಲಿಟ್ಟರೆ ಹಪ್ಪಳದಂತೆ ಪುಡಿಯಾಗುತ್ತವೆ. ಜೊತೆಗೆ ಬಂದಿದ್ದ ಅರಣ್ಯ ವೀಕ್ಷಕರು ಬುಡ ಕಪ್ಪಾದ ಮರವೊಂದನ್ನು ತೋರಿಸಿದರು. ಇಲ್ಲಿ ಬೆಂಕಿ ಮರದ ತುದಿಗೆ ಏರುವುದು ಕಡಿಮೆ, ನೆಲದ ಮೇಲೆ ಹರಿಯುತ್ತದೆ. ದೊಡ್ಡ ಮರ ಉಳಿಯುತ್ತದೆ, ಸಸಿಗಳು ಹೋಗುತ್ತವೆ, ನೆಲದಲ್ಲಿಟ್ಟ ನವಿಲು, ಗೌಜಲಹಕ್ಕಿಗಳ ಮೊಟ್ಟೆ ಬೇಯುತ್ತವೆ. ಬೆಂಕಿ ದಾಟದಿರಲೆಂದು ಬೇಸಿಗೆಗೆ ಮೊದಲೇ ಹುಲ್ಲು, ತರಗೆಲೆ ತೆಗೆದು ಬೆಂಕಿ ರೇಖೆ ಮಾಡಿರುತ್ತಾರೆ. ಆ ಬೋಳು ಪಟ್ಟಿಯ ಮೇಲೆ ಕಸ ಎಸೆಯಬೇಡಿ. ಬೆಂಕಿ ಬಿದ್ದರೆ ಅರಣ್ಯ ಸಿಬ್ಬಂದಿ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದೇ ಆರಿಸಬೇಕು, ಅದೂ ಕಲಬುರಗಿ ಜಿಲ್ಲೆಯ ಬಿಸಿಲಿನಲ್ಲಿ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು, ಉರಿಯುತ್ತಿರುವುದನ್ನು ಬಿಟ್ಟುಬರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅಪರಾಧ.

ಅಡುಗೆಗೆ ಒಲೆ ಹೂಡುವ ಅಗತ್ಯವೂ ಇಲ್ಲ. ಚಿಂಚೋಳಿಯಲ್ಲಿ ನಾವು ಉಂಡ ಖಾನಾವಳಿಗೆ ಬೋರ್ಡೂ ಇರಲಿಲ್ಲ, ನಾಲ್ಕೇ ಮೇಜು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಹೆಸರುಕಾಳು, ಶೇಂಗಾ ಹಿಂಡಿಗೆ (ಚಟ್ನಿಪುಡಿಗೆ) ಗಟ್ಟಿ ಮೊಸರು, ಎಲ್ಲ ಸೇರಿ 80 ರೂಪಾಯಿ. ಪುಂಡಿಪಲ್ಯದ ಹುಳಿ ಆ ಸೆಕೆಯಲ್ಲಿ ನಾಲಿಗೆಗೆ ಜೀವ ತಂದಿತು. ಎರಡನೇ ಸಲ ಬಡಿಸುವಾಗ ಖಾನಾವಳಿಯ ಅಮ್ಮ ಕೇಳಲೇ ಇಲ್ಲ, ಹಾಕಿಬಿಟ್ಟರು. ಕಾಡಿಗೆ ಹೋಗುತ್ತೇವೆಂದರೆ ಎಳ್ಳು ಹಚ್ಚಿದ ಕಡಕ್ ಸಜ್ಜೆ ರೊಟ್ಟಿ, ಹಿಂಡಿ ಕಟ್ಟಿಕೊಡುತ್ತಾರೆ. ಅದು ದಿನಗಟ್ಟಲೆ ಕೆಡುವುದಿಲ್ಲ, ಬಿಸಿ ಮಾಡುವ ಗೊಡವೆಯೂ ಇಲ್ಲ.

ವಾಪಸ್ ಬರುವ ಬಸ್ ಇಡೀ ಪ್ರವಾಸದಲ್ಲಿ ಕೆಟ್ಟ ಅನುಭವ. ನಿಲ್ಲಲೂ ಜಾಗವಿಲ್ಲ, ಅರ್ಧ ಕಿಟಕಿಗಳು ಸರಿಯುವುದಿಲ್ಲ. ಸರಿದಿದ್ದ ಒಂದು ಕಿಟಕಿಯಿಂದ ಮುಂದಿನ ಸೀಟಿನವರು ಉರಿಯುವ ಬೀಡಿ ತುಂಡನ್ನು ರಸ್ತೆ ಬದಿಯ ಹುಲ್ಲಿಗೆ ಎಸೆದರು. ಬಸ್ ನಿಲ್ಲಿಸಿ ಎಂದು ಕೂಗಿದೆ. ‘ಆರಿರುತ್ತದೆ ಬಿಡಿ’ ಎಂದು ಕಂಡಕ್ಟರ್ ಸೀಟಿ ಊದಿಬಿಟ್ಟರು. ನಿಮ್ಮ ಪಕ್ಕದಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಅಲ್ಲೇ ತಡೆಯಿರಿ. ಎಸೆದ ಮೇಲೆ ಕೂಗಿ ಪ್ರಯೋಜನವಿಲ್ಲ.

ಎತ್ತಿಪೋತ ಜಲಪಾತ ನೋಡಬೇಕೆಂದರೆ ಬೇಸಿಗೆ ಬಿಟ್ಟು ಮಳೆಗಾಲ ಹಿಡಿಯಿರಿ. ಚಂದ್ರಂಪಳ್ಳಿ ಜಲಾಶಯಕ್ಕೆ ಬೆಳಗಾಗುತ್ತಿದ್ದಂತೆ ಹೋಗಿ, ಹತ್ತು ಗಂಟೆಯ ನಂತರ ಕಲ್ಲಿನ ಮೇಲೆ ಕೂರಲಾಗುವುದಿಲ್ಲ. ಎಲ್ಲಾದರೂ ಹೊಗೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಒಳಗೆ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಆಗ ಹತ್ತಿರದ ತಾಂಡಾಕ್ಕೆ ಹೋಗಿ ಹೇಳಿ, ಅರಣ್ಯ ಸಿಬ್ಬಂದಿಯನ್ನು ಬಲ್ಲವರು ಅಲ್ಲಿ ಯಾರಾದರೂ ಸಿಗುತ್ತಾರೆ.