ಹಳೇ ತೊಟ್ಟಿಲಿಗೆ ಇಲ್ಲದ ಕಂಬಿ ಕಡೆಯುವಾಗ

ಹಳೇ ಮರದ ಸಾಮಾನಿನಲ್ಲಿ ಮುರಿದದ್ದಕ್ಕಿಂತ ಕಳೆದುಹೋದದ್ದೇ ಜಾಸ್ತಿ ತಲೆನೋವು. ಮುರಿದ ತುಂಡು ಕೈಯಲ್ಲಿದ್ದರೆ ಅಂಟಿಸಬಹುದು. ಇಲ್ಲದ್ದು ಹೇಗಿತ್ತು ಅಂತ ಉಳಿದವನ್ನು ನೋಡಿಯೇ ತಿಳಿಯಬೇಕು.

ಬದಿಯಡ್ಕ ಕಡೆಯ ಮನೆಯೊಂದರಿಂದ ಹಲಸಿನ ಮರದ ತೊಟ್ಟಿಲು ಬಂದಿತ್ತು. ಸುತ್ತಲೂ ತಿರುಗಿಸಿ ಕಡೆದ ದುಂಡನೆಯ ಮರದ ಕಂಬಿಗಳು, ಒಂದು ಮಾತ್ರ ಇಲ್ಲ. "ಹೊಸತು ಹಾಕಿದ್ದು ಅಂತ ಗೊತ್ತಾಗ್ಬಾರ್ದು ಆಚಾರ್ರೇ" ಅಂದರು ಆ ಮನೆಯ ಅಮ್ಮ.

ಪಕ್ಕದ ಕಂಬಿ ನೋಡಿ ಅದರ ಹಾಗೇ ಕಡೆದರೆ ಆಯ್ತಲ್ವಾ? ಆಗುವುದಿಲ್ಲ. ಹಳೇ ಕಂಬಿಗೆ ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ನೋಡಿ. ಒಂದು ಬದಿಯಿಂದ ಒಂದು ಅಳತೆ, ಅಡ್ಡ ಹಿಡಿದರೆ ಸ್ವಲ್ಪ ಕಮ್ಮಿ. ಕಡೆದ ದಿನ ದುಂಡಗೇ ಇತ್ತು. ಮರ ಒಣಗುವಾಗ ಉಂಗುರದ ಗೆರೆ ಹೋದ ದಿಕ್ಕಿಗೆ ಜಾಸ್ತಿ ಕುಗ್ಗುತ್ತದೆ. ತಿರುಳಿನಿಂದ ತೊಗಟೆಯ ದಿಕ್ಕಿಗೆ ಸುಮಾರು ಅದರ ಅರ್ಧ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ. ಹಾಗಾಗಿ ದೊಡ್ಡ ಅಳತೆಗೆ ಕಡೆದು, ಎರಡು ಬದಿಯಲ್ಲಿ ಪಾಲಿಶ್ ಕಾಗದ ಹಾಕಿ ಇಳಿಸುತ್ತೇನೆ.

ಕಂಬಿಯ ಸುತ್ತ ಉಬ್ಬಾಗಿ ಕಡೆದ ಬಳೆಗಳ ಆಕಾರಕ್ಕೆ ಮೂಲೆಯ ಕಂಬಿ ನೋಡುವುದು ಒಳ್ಳೆಯದು. ಅಲ್ಲಿ ಯಾರೂ ಕೈ ಹಿಡಿಯುವುದಿಲ್ಲ, ಅಂಚು ಚೂಪಾಗಿಯೇ ಉಳಿದಿರುತ್ತದೆ. ನಡುವಿನವು ಸವೆದು ನಯವಾಗಿರುತ್ತವೆ. ಮೊದಲು ಮೂಲೆಯದ್ದರ ಹಾಗೆ ಕಡೆದು, ಆಮೇಲೆ ಅಕ್ಕಪಕ್ಕದವಕ್ಕೆ ಹೊಂದುವಷ್ಟು ಅಂಚು ಉಜ್ಜಿ ನಯ ಮಾಡಬೇಕು.

ಮರಕ್ಕೆ ಕೆಡವಿದ ಹಂಚಿನ ಮನೆಯ ಪಕ್ಕಾಸು (ಮಾಡಿನ ಮರದ ಪಟ್ಟಿ), ದಾರಂದದ (ಬಾಗಿಲ ಚೌಕಟ್ಟಿನ) ತುಂಡುಗಳೇ ನನ್ನ ಭಂಡಾರ. ಮನೆಯವಳಿಗೆ ಅದೆಲ್ಲ ಸೌದೆ. ಹಳೇ ಹಲಸು ಕುಗ್ಗುವಷ್ಟು ಕುಗ್ಗಿ ಸುಮ್ಮನಾಗಿರುತ್ತದೆ. ಉಳಿ ಇಡುವ ಮೊದಲು ಅಯಸ್ಕಾಂತ ಆಡಿಸಿ ನೋಡಬೇಕು, ಒಳಗೆ ಮೊಳೆ ಇದ್ದರೆ ಉಳಿಯ ಬಾಯಿ ಹೋಯಿತು. ಹೊಸ ಹಲಸಾದರೆ ಹಳದಿ. ಅದು ಕಂದು ಬಣ್ಣಕ್ಕೆ ತಿರುಗಲು ಬಿಸಿಲು, ಗಾಳಿ, ಸಮಯ ಮೂರೂ ಬೇಕು. ಮಳೆಗಾಲದಲ್ಲಿ ಕಾಸರಗೋಡಿನಲ್ಲಿ ಬಿಸಿಲು ಯಾರು ಕೊಡುತ್ತಾರೆ? ಹಳೇ ಮರವನ್ನು ಕಡೆದರೂ ಒಳಗಿನ ಬಣ್ಣ ಸ್ವಲ್ಪ ತಿಳಿಯೇ. ಅದಕ್ಕೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿಗೆ ಚೂರು ಬಣ್ಣ ಬೆರೆಸಿ, ತೆಳುವಾಗಿ ಮತ್ತೆ ಮತ್ತೆ ಹಚ್ಚುತ್ತೇನೆ.

ತೂತಿನ ಒಳಗೆ ಹೋಗುವ ತುದಿಗೆ ಪೆನ್ಸಿಲಿನಲ್ಲಿ ವರ್ಷ ಬರೆಯುತ್ತೇನೆ. ನೋಡುವವರಿಗೆ ಗೊತ್ತಾಗದಿದ್ದರೂ, ಮುಂದೆ ಬಿಚ್ಚುವ ಆಚಾರಿಗೆ ಗೊತ್ತಾಗಬೇಕು.

ಒಂದು ಕಂಬಿಗೋಸ್ಕರ ಇಡೀ ತೊಟ್ಟಿಲು ಬಿಚ್ಚಬೇಕಿಲ್ಲ. ಮೇಲಿನ ಪಟ್ಟಿಯ ತೂತನ್ನು ಸ್ವಲ್ಪ ಆಳ ಮಾಡಿ. ಕಂಬಿಯನ್ನು ಅದರೊಳಗೆ ಮೇಲಕ್ಕೆ ತಳ್ಳಿ, ಬುಡವನ್ನು ಕೆಳಗಿನ ತೂತಿಗೆ ಇಳಿಸಿ. ಅಂಟು ಬುಡಕ್ಕೆ ಮಾತ್ರ, ಅದೂ ಎರಡು ಹನಿ.